ಕೊಡಲಿಗೊಂದು ಕಣ್ಣಿ

ಬ್ಯಾನರಿನಲ್ಲಿ ಮಾಮಾರ ತಲೆಯ ಮೇಲೆ ಹಳದಿ ಹೆಲ್ಮೆಟ್ ಇತ್ತು. ಬದುಕಿದ್ದಾಗ ಆ ತಲೆ ಹೊತ್ತದ್ದು ಎರಡೇ ಎರಡು: ನಮಾಜಿನ ಹೊತ್ತಿಗೆ ಬಿಳಿ ಟೊಪ್ಪಿಗೆ, ಉಳಿದ ಹೊತ್ತಿಗೆ ಬಣ್ಣ ಯಾವುದೆಂದು ಹೇಳಲಾಗದ ಒಂದು ಟವೆಲು. ಜತ್ತದ ಫೋಟೋ ಅಂಗಡಿಯವನು ಯಾರದೋ ಹೆಲ್ಮೆಟ್ಟನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಅವರಿಗೆ ತೊಡಿಸಿದ್ದ. ಅದು ಅಳತೆ ಮೀರಿ ದೊಡ್ಡದಾಗಿ ಹುಬ್ಬಿನವರೆಗೆ ಇಳಿದಿತ್ತು. ಪರರ ಲಗ್ನಕ್ಕೆ ಬಾಡಿಗೆ ಪೇಟ ಸುತ್ತಿಕೊಂಡು ಹೋದವರ ಹಾಗೆ ಕಾಣುತ್ತಿದ್ದರು ಮಾಮಾ. ನಮ್ಮ ಕನ್ನಡದ ಊರುಗಳು ಗಡಿಯ ಮರಾಠಿ ಬದಿಗೆ ಸೇರಿದ್ದರಿಂದ, ಕೆಳಗೆ ಮರಾಠಿಯಲ್ಲಿ, ಸುರಕ್ಷೆಯ ಮೊದಲ ಪ್ರಚಾರಕರು ಎಂದು ಬರೆಸಿದ್ದರು.

ಅದು ಕಂಪನಿಯವರು ಕರೆದ ಶ್ರದ್ಧಾಂಜಲಿ ಸಭೆ. ಕಾರಕೂನ ಫೋಟೋಕ್ಕೆ ಕುಂಕುಮ ಹಚ್ಚಲು ಹೋದಾಗ ಮಾಮಾರ ಹಿರಿಯ ಮಗ ಅವನ ಕೈಯನ್ನು ಮೆಲ್ಲಗೆ ಹಿಡಿದು, ಅದು ಬೇಡ, ಹಾರ ಹಾಕಿದ್ದೇ ಸಾಕು ಎಂದು ಹೇಳಬೇಕಾಯಿತು. ಆಮೇಲೆ ನಾಲ್ವರು ಭಾಷಣ ಮಾಡಿದರು. ಆ ನಾಲ್ವರಲ್ಲಿ ಮಾಮಾ ಮರ ಹತ್ತಿದ್ದನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಕಂಡವರು ನಾವು, ಕುರ್ಚಿ ಸಾಲದೆ ಹಿಂದೆ ನಿಂತಿದ್ದೆವು.

ಮಾಮಾ ಎಂದರೆ ನನಗೆ ರಕ್ತಸಂಬಂಧದಿಂದ ಏನೂ ಆಗಬೇಕಾದವರಲ್ಲ. ಅವರದು ಬೆಳುಂಕಿಯ ಮುಸಲ್ಮಾನರ ಮನೆ, ನಮ್ಮದು ಸಂಖದ ಲಿಂಗವಂತರ ಮನೆ. ಆದರೆ ಮರ ಸವರುವ ನಮ್ಮ ಟೋಳಿಯಲ್ಲಿ ಎಲ್ಲರಿಗೂ ಅವರು ಮಾಮಾ, ಅವರಿಗೆ ಎಲ್ಲರೂ ಅಳಿಯಂದಿರು. ಇಷ್ಟು ಮಂದಿ ಅಳಿಯಂದಿರಿದ್ದರೂ ಒಬ್ಬನಿಗೂ ಹೆಣ್ಣು ಕೊಟ್ಟಿಲ್ಲ, ಅದಕ್ಕೇ ಸುಖವಾಗಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದರು.

ಅವರ ಅಪ್ಪ, ಅಜ್ಜ ಪುಂಡಿಯ ನಾರಿನಿಂದ ಬಾವಿಯ ಹಗ್ಗ ಹೊಸೆಯುತ್ತಿದ್ದವರು. ಬಾವಿಗಳಿಗೆ ಮೋಟಾರು ಬಂದು ಹಗ್ಗ ಕೇಳುವವರಿಲ್ಲದಾಗ ಮಾಮಾ ಮನೆಯಲ್ಲಿ ಉಳಿದಿದ್ದ ಕೊನೆಯ ಹಗ್ಗವನ್ನೇ ಸೊಂಟಕ್ಕೆ ಸುತ್ತಿಕೊಂಡು ಮರ ಹತ್ತಿದರಂತೆ. ತೊಂಬತ್ತರ ದಶಕದಲ್ಲಿ ನಾನು ಟೋಳಿ ಸೇರುವ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು. ರಸ್ತೆಯ ಬದಿಯ ಮರಗಳಲ್ಲಿ ತಂತಿಗೆ ತಾಗುವ ಟೊಂಗೆಗಳನ್ನು ಮಳೆಗಾಲಕ್ಕೆ ಮೊದಲು ಸವರಿಕೊಡುವ ಕೆಲಸವನ್ನು ನಮ್ಮ ಕಂಪನಿ ಹಿಡಿದಿತ್ತು. ಕಂಪನಿ ಅಂದರೆ ಒಂದು ಜೀಪು, ಒಂದು ಸಾಮಾನಿನ ಕೋಣೆ, ಒಬ್ಬ ಕಾರಕೂನ, ಮತ್ತೆ ವರ್ಷಕ್ಕೊಮ್ಮೆ ದೊಡ್ಡ ಊರಿನಿಂದ ಬರುವ ಒಬ್ಬ ಸಾಹೇಬ.

ಮಾಮಾರ ಮರ್ಯಾದೆಯ ಹಂಚಿಕೆ ವಿಚಿತ್ರವಾಗಿತ್ತು. ನಮ್ಮ ಕಡೆ ಮಾತಿಗೆ ‘ರಿ’ ಹಚ್ಚಿದರೆ ಮರ್ಯಾದೆ, ಹಚ್ಚದಿದ್ದರೆ ಸಲಿಗೆ ಇಲ್ಲವೇ ತಾತ್ಸಾರ. ಮಾಮಾ ಮರಗಳಿಗೆ ರಿ ಹಚ್ಚುತ್ತಿದ್ದರು. ಬೇವಿನ ಕವೆಯಲ್ಲಿ ಕಾಲಿಡುವ ಮೊದಲು, "ಸ್ವಲ್ಪ ತಡಕೋರಿ, ಲಗೂನ ಮುಗಸ್ತೀನಿ" ಅನ್ನುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ನಮಗೆ ಕೂಲಿ ಕೊಡುವ ಠೇಕೇದಾರ ಬಂದು ಕೆಳಗೆ ನಿಂತರೆ ಮಾತ್ರ, "ಏನು, ಬಂದಿ?" ಅಷ್ಟೇ. ಯಾಕೆ ಮಾಮಾ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ, ಮರ ಸಿಟ್ಟಾದರೆ ನಾನು ಕೆಳಗೆ ಬೀಳುತ್ತೇನೆ, ಠೇಕೇದಾರ ಸಿಟ್ಟಾದರೆ ನಾನು ಆಗಲೇ ಕೆಳಗೆ ಇರುತ್ತೇನೆ ಎಂದರು.

ಅವರಿಗೆ ಗಂಟು ಅಂದರೆ ಆಗುತ್ತಿರಲಿಲ್ಲ. ಯಾರಾದರೂ ಹಗ್ಗಕ್ಕೆ ಗಂಟು ಬಿಗಿಯುವುದನ್ನು ಕಂಡರೆ ಹಲ್ಲುನೋವು ಬಂದವರ ಹಾಗೆ ಮುಖ ಮಾಡುತ್ತಿದ್ದರು. ಗಂಟು ಹಾಕಿದವನು ಬಿಚ್ಚುವ ದಾರಿಯನ್ನೂ ಅದರಲ್ಲೇ ಇಟ್ಟಿರುತ್ತಾನೆ ಎಂಬುದು ಅವರ ವಾದ. ಅವರು ನಂಬಿದ್ದು ಹೆಣಿಕೆಯೊಂದನ್ನೇ. ಹಗ್ಗದ ತುದಿಯ ಮೂರು ಎಳೆ ಬಿಚ್ಚಿ, ತುದಿಯನ್ನು ಹಿಂದಕ್ಕೆ ಮಡಚಿ ಕಣ್ಣು ಮಾಡಿ, ಆ ಎಳೆಗಳನ್ನು ಹಗ್ಗದ ಮೈಯೊಳಗೇ ಒಂದರ ಮೇಲೆ, ಒಂದರ ಕೆಳಗೆ ಹೊಕ್ಕಿಸಿ ಹೆಣೆಯಬೇಕು. ಮೂರೂ ಎಳೆ ಒಮ್ಮೊಮ್ಮೆ ಹೊಕ್ಕರೆ ಒಂದು ಸುತ್ತು. ಹಗ್ಗದ ಹುರಿ ಸಡಿಲಿಸಲು ಅವರ ಹತ್ತಿರ ಹೋತಿನ ಕೋಡೊಂದಿತ್ತು, ಉಜ್ಜಿ ಉಜ್ಜಿ ಕನ್ನಡಿಯಾಗಿತ್ತು. ಮಾಮಾರ ಪೈಜಾಮದ ಲಾಡಿಗೂ ಹೆಣಿಕೆಯೇ ಇದೆ, ಅದಕ್ಕೇ ಅವರು ಅವಸರಕ್ಕೆ ಹೋಗಬೇಕಾದರೆ ಅರ್ಧ ತಾಸು ಮೊದಲೇ ಏಳುತ್ತಾರೆ ಎಂದು ಟೋಳಿಯಲ್ಲಿ ಆಡಿಕೊಳ್ಳುತ್ತಿದ್ದರು.

ಮರ ಹತ್ತುವವನ ಕೊಡಲಿಗೆ ಒಂದು ಹಗ್ಗ ಬೇಕು. ಒಂದು ತುದಿಯ ಕಣ್ಣಿಗೆ ಸೊಂಟದ ಪಟ್ಟಿ, ಇನ್ನೊಂದು ತುದಿಯ ಕಣ್ಣು ಕೊಡಲಿಯ ಕಾವಿನ ತೂತಿಗೆ. ಕೈ ಜಾರಿದರೆ ಕೊಡಲಿ ಮೊಣಕಾಲಿನ ಕೆಳಗೆ ತೂಗಾಡುತ್ತದೆ, ಕೆಳಗಿದ್ದವನ ನೆತ್ತಿಗೆ ಬರುವುದಿಲ್ಲ. ಎತ್ತಿಗೆ ಕಣ್ಣಿ ಇರುವ ಹಾಗೆ ಇದು ಕೊಡಲಿಗೆ, ಅದಕ್ಕೇ ನಾವೂ ಅದನ್ನು ಕಣ್ಣಿ ಎಂದೇ ಕರೆಯುತ್ತಿದ್ದೆವು. ಮುಂದೆ ಸಾಹೇಬ ಬಂದು ಅದಕ್ಕೆ ಲ್ಯಾನ್ಯಾರ್ಡ್ ಅನ್ನುತ್ತಾರೆ ಎಂದು ತಿಳಿಸಿದಾಗ ಮಾಮಾ, ನಮ್ಮ ಕಣ್ಣಿ ಯಾವಾಗ ಅಷ್ಟು ದೂರ ಹೋಗಿ ಹೆಸರು ಬದಲಿಸಿಕೊಂಡು ಬಂತು ಎಂದು ಕೇಳಿದ್ದರು.

ಟೋಳಿಯಲ್ಲಿ ಒಂದು ಕಟ್ಟಳೆ ಇತ್ತು, ಮಾಮಾ ಹಾಕಿದ್ದು. ಅವರವರ ಕಣ್ಣಿ ಅವರವರೇ ಹೆಣೆಯಬೇಕು. ಕೊಂಡದ್ದು, ಬೇಡಿದ್ದು ನಡೆಯುವುದಿಲ್ಲ. ಹೆಣೆದ ಮೇಲೆ ಅದನ್ನು ಸೊಂಟಕ್ಕೆ ಹಾಕಿಕೊಂಡು ಟೊಂಗೆಯ ಮೇಲೆ ನಿಂತು, ಕೊಡಲಿಯನ್ನು ಕೈಯೆತ್ತಿ ಮೇಲಿನಿಂದ ಬಿಟ್ಟುಬಿಡಬೇಕು. ನೆಟ್ಟಗೆ ಅದರ ಕೆಳಗೆ ಮಾಮಾ ಕೂತು ಬೀಡಿ ಸೇದುತ್ತಿರುತ್ತಾರೆ. ಕೊಡಲಿ ಕಣ್ಣಿಗೆ ನಿಂತರೆ, "ನಡೀತದ" ಅನ್ನುತ್ತಿದ್ದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಕೇಳಿಲ್ಲ.

ಕೆಳಗೆ ಕೂಡುವ ಈ ಹಟ ಎಲ್ಲಿಂದ ಬಂತು ಎಂಬುದನ್ನು ಮಾಮಾ ಹೇಳಿದ್ದಲ್ಲ, ಬೆಳುಂಕಿಯವರು ಹೇಳಿದ್ದು. ಹರೆಯದಲ್ಲಿ ಅವರ ಕೈಯಿಂದ ಜಾರಿದ ಕೊಡಲಿ ಕೆಳಗಿದ್ದವನ ಭುಜಕ್ಕೆ ಬಿದ್ದಿತ್ತು. ಅವನು ಬದುಕಿದ, ಆದರೆ ಆ ಕೈಯಿಂದ ಮುಂದೆ ಎಂದೂ ರೊಟ್ಟಿ ಮುರಿಯಲಿಲ್ಲ. ಆ ಕೊಡಲಿಗೂ ಹಗ್ಗ ಇತ್ತು. ಹಗ್ಗಕ್ಕೆ ಗಂಟಿತ್ತು.

ಕಂಪನಿಗೂ ಸುರಕ್ಷೆಯ ನೆನಪು ಆಗಾಗ ಬರುತ್ತಿತ್ತು. ಒಂದು ಸಲ ಮೇಲಿನಿಂದ ಮರಾಠಿಯಲ್ಲಿ ಒಂದು ಪರಿಪತ್ರಕ, ಅಂದರೆ ಸುತ್ತೋಲೆ, ಬಂತು: ಸರ್ವ ಹತ್ಯಾರಗಳು ಹಗ್ಗದಿಂದ ಕಟ್ಟಿದ ಸ್ಥಿತಿಯಲ್ಲಿ ಇರತಕ್ಕದ್ದು. ನಮ್ಮ ಕಾರಕೂನ ಹುಕುಂ ಎಂದರೆ ಹುಕುಂ ಅನ್ನುವ ಮನುಷ್ಯ. ಮರುದಿನ ನಾವು ಹೋಗಿ ನೋಡುವಷ್ಟರಲ್ಲಿ ಸಾಮಾನಿನ ಕೋಣೆಯಲ್ಲಿದ್ದ ಅಷ್ಟೂ ಕೊಡಲಿ, ಗರಗಸ, ಕುಡುಗೋಲುಗಳನ್ನು ಕಿಟಕಿಯ ಸರಳಿಗೆ ಸಾಲಾಗಿ ಕಟ್ಟಿಹಾಕಿದ್ದ. ಬಿಚ್ಚಿಕೊಡು ಎಂದರೆ, ಕಟ್ಟಲು ಬರೆದ ಹುಕುಂ ಇದೆ, ಬಿಚ್ಚಲು ಇಲ್ಲ ಅಂದ. ಮಾಮಾ ಒಂದೊಂದೇ ಗಂಟನ್ನು ಮುಟ್ಟಿ ನೋಡಿ, "ಚಲೋ ಕಟ್ಟೀದಿ ತಮ್ಮಾ. ಈಗ ಮರಾನೂ ಒಳಗ ಕರಕೊಂಡ ಬಾ" ಎಂದು ಹೇಳಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಮೂರು ದಿನ ಕೆಲಸ ನಿಂತಿತು. ನಾಲ್ಕನೆಯ ದಿನ ಬಿಚ್ಚುವ ಹುಕುಂ ಬಂತು. ಹತ್ಯಾರಗಳನ್ನು ಬಳಕೆಗೆ ತೆಗೆದುಕೊಳ್ಳುವಾಗ ಕಟ್ಟಿರಬಾರದು ಎಂದು ಅದರಲ್ಲಿ ಬರೆದಿದ್ದರಿಂದ ಕಾರಕೂನ ನಮ್ಮ ಕಣ್ಣಿಗಳನ್ನೂ ಬಿಚ್ಚಿಸಲು ಹೊರಟ. ಹೆಣಿಕೆ ಬಿಚ್ಚಲು ಅವನಿಗೆ ಬರಲಿಲ್ಲ, ಹಾಗಾಗಿ ಉಳಿದವು.

ಈಗ ನನ್ನ ಮಾತು ಸ್ವಲ್ಪ. ನಾನು ಆರನೆಯ ಇಯತ್ತೆಗೇ ಸಾಲಿ ಬಿಟ್ಟವನು. ಅಂದಿನಿಂದ ದುಡಿದು ತಿಂದಿದ್ದೇನೆ, ನನ್ನ ಕೆಲಸಕ್ಕೆ ಕುಂದು ಹೇಳಿದವರು ಕಡಿಮೆ. ಟೋಳಿ ಸೇರಿ ಎರಡು ವರ್ಷವಾದರೂ ನಾನು ನೆಲದ ಮೇಲೆಯೇ ಇದ್ದೆ, ಮೇಲಿನವರು ಕಡಿದು ಕೆಡವಿದ ಟೊಂಗೆಗಳನ್ನು ಎಳೆದು ರಸ್ತೆಯಿಂದ ಸರಿಸುವ ಕೆಲಸ. ಮೈಯೆಲ್ಲ ಜಾಲಿಯ ಮುಳ್ಳು. ಮದುವೆಯಾಗಿ ಎರಡು ಮಕ್ಕಳಿದ್ದ ಗಂಡಸು ನಾನು, ನನಗಿಂತ ಕಚ್ಚಾ ಕೈಯವರು ಮೇಲೆ ನಿಂತು, "ಏ, ಆ ಟೊಂಗಿ ಎಳಿ" ಅನ್ನುವಾಗ ಕುತ್ತಿಗೆಯ ನರ ಬಿಗಿಯುತ್ತಿತ್ತು. ನನಗೂ ಕಣ್ಣಿ ಹೆಣೆಯುವುದು ತೋರಿಸಿ ಎಂದು ಮಾಮಾರನ್ನು ಕೇಳಬಹುದಿತ್ತು. ಕೇಳಲಿಲ್ಲ. ನಮ್ಮ ಮನೆಯ ಎತ್ತುಗಳಿಗೆ ಪುಂಡಿಯ ಕಣ್ಣಿ ಹೆಣೆದು ಬೆಳೆದವನು ನಾನು, ಇವರಿಂದ ಕಲಿಯುವುದೇನು ಎಂಬ ಸೊಕ್ಕು.

ಆ ವರ್ಷ ಸಾಹೇಬ ಬರುವ ಸುದ್ದಿ ಬಂತು. ಸುರಕ್ಷಾ ದಿನ ಮಾಡುತ್ತಾರಂತೆ, ಎಲ್ಲರ ಕಣ್ಣಿ ನೋಡಿ ಮರ ಹತ್ತುವವರ ಯಾದಿಗೆ ಸಹಿ ಹಾಕುತ್ತಾರಂತೆ. ಯಾದಿಯಲ್ಲಿ ಹೆಸರಿಲ್ಲದವನು ಮುಂದಿನ ವರ್ಷದವರೆಗೆ ನೆಲದ ಮೇಲೆ. ನಾನು ಸಂಖದ ಬಜಾರಿನಿಂದ ನೈಲಾನ್ ಹಗ್ಗ ತಂದೆ. ಪುಂಡಿಯ ಹಗ್ಗ ಆಗ ಅಂಗಡಿಗಳಲ್ಲಿ ಸಿಗುವುದೇ ನಿಂತಿತ್ತು. ನೈಲಾನಿಗೆ ಐದು ಸುತ್ತು ಎಂದು ಮಾಮಾ ಎಲ್ಲರಿಗೂ ಹೇಳುತ್ತಿದ್ದುದನ್ನು ಕಿವಿಯಾರೆ ಕೇಳಿದ್ದೆ. ನಮ್ಮ ಎತ್ತಿನ ಕಣ್ಣಿಗೆ ಮೂರೇ ಸುತ್ತು, ಎತ್ತು ಎಳೆದರೂ ಬಿಟ್ಟಿದ್ದಿಲ್ಲ, ಕೊಡಲಿ ಎತ್ತಿಗಿಂತ ಜೋರೇ ಎಂದುಕೊಂಡೆ. ನೈಲಾನಿನ ಎಳೆ ಕೈಯಲ್ಲಿ ಹಾವಿನ ಮರಿಯ ಹಾಗೆ ಜಾರುತ್ತಿತ್ತು. ಮೂರು ಸುತ್ತಿಗೇ ಬೆರಳು ಸೋತು, ಉಳಿದ ತುದಿಗಳನ್ನು ಕತ್ತರಿಸಿ, ಬೀಡಿಯ ಕೆಂಡದಿಂದ ಸುಟ್ಟು, ಮೇಲೆ ಕೆಂಪು ದಾರ ಒತ್ತೊತ್ತಾಗಿ ಸುತ್ತಿಬಿಟ್ಟೆ. ನೋಡಲು ಮಾಮಾರ ಕಣ್ಣಿಗಿಂತ ಚಂದ ಕಂಡಿತು.

ಸುರಕ್ಷಾ ದಿನ ಮುಚ್ಚಂಡಿಯ ಹಾದಿಯ ಒಂದು ದೊಡ್ಡ ಹುಣಸೆಯ ಮರದ ಕೆಳಗೆ. ಹತ್ತಕ್ಕೆ ಬರುತ್ತೇನೆ ಅಂದಿದ್ದ ಸಾಹೇಬ ಹನ್ನೆರಡಕ್ಕೆ ಬಂದ. ಮರದ ಬೇರಿಗೆ ಕಾಯಿ ಒಡೆದರು. ಜೀಪಿನಲ್ಲಿ ಐದು ಹೆಲ್ಮೆಟ್ ತಂದಿದ್ದರು, ಅವನ್ನು ನಮ್ಮ ತಲೆಯ ಮೇಲೆ ಸರತಿಯಂತೆ ಇಟ್ಟು ಫೋಟೋ ಹೊಡೆದು, ಎಣಿಸಿ, ವಾಪಸು ಜೀಪಿಗೆ ಹಾಕಿದರು. ಅಷ್ಟರಲ್ಲಿ ಮಾಮಾ ಬೇಲಿಯ ಮರೆಗೆ ಹೋಗಿದ್ದರು, ಫೋಟೋ ಮುಗಿದ ಮೇಲೆಯೇ ಬಂದರು. ಸಾಹೇಬ ಮರಾಠಿಯಲ್ಲಿ ಒಂದು ತಾಸು ಮಾತಾಡಿದ. ಎತ್ತರದಿಂದ ಬಿದ್ದ ವಸ್ತು ಕೆಳಕ್ಕೆ ಬರುತ್ತದೆ ಎಂಬುದು ಆ ಮಾತಿನ ಸಾರ.

ಆಮೇಲೆ ಕಾರಕೂನ ಯಾದಿ ತೆಗೆದ. ಸಾಹೇಬ ಪೆನ್ನು ತೆಗೆದ. ಕಣ್ಣಿಗಳನ್ನು ಒಂದು ಮೇಜಿನ ಮೇಲೆ ಹರವಿದ್ದೆವು. ಸಾಹೇಬ ಒಂದನ್ನೂ ಮುಟ್ಟದೆ ಸಹಿ ಹಾಕಲು ಬಗ್ಗಿದಾಗ ಮಾಮಾ ಮುಂದೆ ಬಂದರು.

"ಸಹಿ ಮಾಡಾಂವ ಕೆಳಗ ಕುಂದ್ರಬೇಕು" ಅಂದರು.

ಸಾಹೇಬನಿಗೆ ಕನ್ನಡ ಬಾರದು. ಏನಂತೆ ಎಂದು ಕಾರಕೂನನ ಮುಖ ನೋಡಿದ. ಕಾರಕೂನನಿಗೆ ಮಾತು ಪೂರಾ ತಿಳಿದಿತ್ತು. ಆದರೆ ನಿಮ್ಮ ತಲೆಯ ಮೇಲೆ ಕೊಡಲಿ ಬಿಡುತ್ತಾರಂತೆ ಎಂದು ಸಾಹೇಬನಿಗೆ ಹೇಗೆ ಹೇಳುವುದು? ಅವನು ಮರಾಠಿಯಲ್ಲಿ ನಯವಾಗಿ, "ಬಸಾ ಮ್ಹಣತಾತ, ಸಾಹೇಬ" ಅಂದ. ಕೂತುಕೊಳ್ಳಿ ಅನ್ನುತ್ತಿದ್ದಾರೆ ಎಂದರ್ಥ. ಬಿಸಿಲಿಗೆ ಬೆವತಿದ್ದ ಸಾಹೇಬ ಬಹಳ ಖುಷಿಯಾಗಿ ಕುರ್ಚಿಯನ್ನು ತಾನೇ ಎಳೆದುಕೊಂಡು, ಮಾಮಾ ಬೆರಳು ಮಾಡಿದ ಟೊಂಗೆಯ ಕೆಳಗೆ ನೆರಳಿನಲ್ಲಿ ಕೂತು ಚಹಾ ತರಿಸಿದ.

ಟೊಂಗೆ ನೋಡುತ್ತ ಬೆನ್ನು ಮಾಡಿದ್ದ ಮಾಮಾರಿಗೆ ಕಾರಕೂನನ ತರ್ಜುಮೆ ಕೇಳಿಸಿರಲಿಲ್ಲ. ತಿರುಗಿ ನೋಡಿದರೆ ಸಾಹೇಬ ಕೂತಿದ್ದಾನೆ. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಮತ್ತೆ ಕಾಣಲಿಲ್ಲ. ಇಷ್ಟು ವರ್ಷಗಳಲ್ಲಿ ಕೆಳಗೆ ಕೂತ ಮೊದಲ ಸಾಹೇಬ. "ಸಾಹೇಬ್ರ, ಸ್ವಲ್ಪ ಈ ಕಡಿ ಸರೀರಿ, ನೆಟ್ಟಗ ಕೆಳಗ ಬರ್ಲಿ" ಅಂದರು. ಮರಗಳಿಗೆ ಹಚ್ಚುತ್ತಿದ್ದ ರಿಯನ್ನು ಒಬ್ಬ ಮನುಷ್ಯನಿಗೆ ಹಚ್ಚಿದರು. ತಾವೂ ಕುರ್ಚಿಯ ಮಗ್ಗುಲಿಗೆ ನೆಲದ ಮೇಲೆ ಕೂತು ಬೀಡಿ ಹೊತ್ತಿಸಿ, "ಅಳ್ಯಾ, ಹೊಸಾ ಕಣ್ಣಿ ನಿಂದs ಅಲ್ಲ? ಹತ್ತು" ಎಂದು ನನಗೆ ಹೇಳಿದರು.

ಹತ್ತಿದೆ. ಎರಡಾಳೆತ್ತರದ ಟೊಂಗೆ. ಕೊಡಲಿಯ ಕಾವಿಗೆ ಕಣ್ಣಿ, ಕಣ್ಣಿಗೆ ನನ್ನ ಪಟ್ಟಿ, ಎಲ್ಲ ಸರಿಯಾಗಿತ್ತು. ಕೊಡಲಿ ಎತ್ತಿ ಹಿಡಿದು ಕೆಳಗೆ ನೋಡಿದೆ. ಸಾಹೇಬನ ಬೋಳುತಲೆ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು. ಅದರ ಪಕ್ಕಕ್ಕೆ ಮಾಮಾರ ಟವೆಲು. ಟೋಳಿಯ ಹನ್ನೊಂದು ಮಂದಿ ನನ್ನನ್ನೇ ನೋಡುತ್ತಿದ್ದರು. ಮೂರು ಸುತ್ತು ಹಿಡಿಯಬಹುದು ಅನ್ನಿಸಿತು. ಮತ್ತೆ, ನೈಲಾನು ಬೆರಳ ನಡುವೆ ಜಾರಿದ್ದು ನೆನಪಾಯಿತು. ಕೊಡಲಿ ಬಿಟ್ಟು, ಕಣ್ಣಿ ಹಿಡಿದರೆ, ನಾಳೆಯಿಂದ ನಾನು ಮೇಲೆ. ಹೇಳಿದರೆ ಇಷ್ಟು ಮಂದಿಯ ಮುಂದೆ ನನ್ನ ಕೆಲಸ ಕಚ್ಚಾ ಎಂದು ನನ್ನ ಬಾಯಿಂದಲೇ ಒಪ್ಪಿಕೊಂಡ ಹಾಗೆ, ಅದರ ಜೊತೆಗೆ ಮತ್ತೊಂದು ವರ್ಷ ಜಾಲಿಯ ಮುಳ್ಳು. ತೋಳು ನೋಯತೊಡಗಿತು. ಮಾಮಾ ಮೇಲೆ ನೋಡಲೇ ಇಲ್ಲ, ಬೀಡಿ ಸೇದುತ್ತಿದ್ದರು. ನೋಡಿದ್ದರೆ ನಾನು ಬಿಟ್ಟುಬಿಡುತ್ತಿದ್ದೆನೋ ಏನೋ.

"ಮಾಮಾ, ಮೂರs ಅದಾವ" ಅಂದೆ.

"ಏನು ಮೂರು?"

"ಸುತ್ತು. ಮ್ಯಾಲ ದಾರಾ ಸುತ್ತಿ ಮುಚ್ಚೀನಿ."

ಮಾಮಾ ಕೂತಲ್ಲಿಂದ ಏಳಲಿಲ್ಲ. "ಕೊಡ್ಲಿ ಕೈಯಾಗ ಹಿಡಕೊಂಡ ಇಳಿ. ಕಣ್ಣಿ ಮ್ಯಾಲ ಭಾರ ಬಿಡಬ್ಯಾಡ" ಅಂದರು. ಸಾಹೇಬ, ಏನಾಯಿತು ಎಂದು ಕೇಳಿದ. ಮೂರು ಅನ್ನುತ್ತಿದ್ದಾನೆ ಎಂದು ಕಾರಕೂನ ಹೇಳಿದ. ಛಾನ್, ಛಾನ್, ಬಹಳ ಚಲೋ ಎಂದು ಸಾಹೇಬ ಚಹಾ ಗುಟುಕರಿಸಿದ.

ನಾನು ಇಳಿದ ಮೇಲೆ ಮಾಮಾ ಕಣ್ಣಿ ಇಸಿದುಕೊಂಡು, ಕೋಡಿನ ತುದಿಯಿಂದ ಕೆಂಪು ದಾರ ಹರಿದು, ಒಂದು ತುದಿಯನ್ನು ಕಾಲಿನಿಂದ ಮೆಟ್ಟಿ ಇನ್ನೊಂದನ್ನು ಎರಡು ಸಲ ಜಗ್ಗಿದರು. ಮೂರನೆಯ ಜಗ್ಗಿಗೆ ಕಣ್ಣು ಬಿಚ್ಚಿ ಮೂರೆಳೆಯಾಗಿ ನೆಲಕ್ಕೆ ಬಿತ್ತು. ಎಲ್ಲರೂ ಸಾಹೇಬನ ತಲೆಯ ಕಡೆ ನೋಡಿದರು. ಈಗ ಸಾಹೇಬನಿಗೆ ಏನೋ ಅನುಮಾನ ಬಂದು, ಮೇಲೆ ಟೊಂಗೆ ನೋಡಿ, ನನ್ನ ಕೈಯ ಕೊಡಲಿ ನೋಡಿ, ಕಾರಕೂನನನ್ನು ನೋಡಿದ. ಕಾರಕೂನ ಈ ಸಲ ತರ್ಜುಮೆಯಲ್ಲಿ ಏನನ್ನೂ ಬಿಡಲಿಲ್ಲ. ಸಾಹೇಬ ಚಹಾದ ಕಪ್ಪನ್ನು ನಿಧಾನವಾಗಿ ಕೆಳಗಿಟ್ಟು, ಎದ್ದು, ಕುರ್ಚಿಯನ್ನು ಎತ್ತಿಕೊಂಡು ಹೋಗಿ ಸುಡುವ ಬಿಸಿಲಿನಲ್ಲಿ ರಸ್ತೆಯ ಅಂಚಿಗೆ ಹಾಕಿಕೊಂಡು ಕೂತ. ಅಲ್ಲಿ ಅವನ ಮೇಲೆ ಬೀಳುವಂಥದ್ದು ಆಕಾಶ ಒಂದೇ ಇತ್ತು.

"ಬಿಸಲಾಗ ಯಾಕ ಕುಂತಿ, ನೆಳ್ಳಿಗಿ ಬಾ" ಎಂದು ಮಾಮಾ ಕೂಗಿದರು. ಕೊಟ್ಟಿದ್ದ ರಿಯನ್ನು ವಾಪಸು ತಗೊಂಡಿದ್ದರು.

ಬಿಸಿಲಿನಲ್ಲೇ ಕೂತು ಸಾಹೇಬ ಯಾದಿಯ ಅಷ್ಟೂ ಹೆಸರಿಗೆ ಒಂದೇ ಉಸಿರಿಗೆ ಸಹಿ ಹಾಕಿ, ಜೀಪು ಹತ್ತಿ ಹೋದ. ಸಂಜೆ ಕಾರಕೂನ ಓದಿ ಹೇಳಿದ: ಯಾದಿಯಲ್ಲಿ ನನ್ನ ಹೆಸರೂ ಇದೆ. ಕಣ್ಣಿಯ ಸ್ಥಿತಿ, ಉತ್ತಮ. ಆ ಉತ್ತಮ ಕಣ್ಣಿ ಆಗ ನನ್ನ ಜೇಬಿನಲ್ಲಿ ಮೂರು ಎಳೆಯಾಗಿ ಮಡಚಿಕೊಂಡಿತ್ತು. ನಾಳೆಯಿಂದ ಮೇಲೆ ಹತ್ತು, ಕಾಗದ ಇದೆಯಲ್ಲ ಎಂದು ಠೇಕೇದಾರ ಹೇಳಿದ.

ಹತ್ತಲಿಲ್ಲ. ಮರುದಿನ ನಾನಾಗಿಯೇ ಟೊಂಗೆ ಎಳೆಯಲು ನಿಂತೆ. ವಾರದ ಮೇಲೆ ಒಂದು ದಿನ ಬುತ್ತಿ ಬಿಚ್ಚಿ ಕೂತಾಗ ಮಾಮಾ ಹೋತಿನ ಕೋಡನ್ನು ನನ್ನ ಮುಂದೆ ಎಸೆದು, ಆದಿತ್ಯವಾರ ಮನೆಗೆ ಬಾ ಎಂದರು, ಅಷ್ಟೇ.

ಬೆಳುಂಕಿಯ ಅವರ ಮನೆಯ ಪಡಸಾಲೆಯಲ್ಲಿ ಐದು ಆದಿತ್ಯವಾರ ಹೆಣೆದೆ. ನಾನು ಹೆಣೆಯುವುದು, ಅವರು ಕೈಯಲ್ಲಿ ಹಿಡಿದು ಒಮ್ಮೆ ಹೊರಳಿಸಿ, ಪೂರಾ ಬಿಚ್ಚಿ ನನ್ನ ಮಡಿಲಿಗೆ ಹಾಕುವುದು. ಎಳೆಯ ಹುರಿ ಸಡಿಲಾದರೆ ಬಿಚ್ಚಿದರು. ಸುತ್ತು ಒಂದರ ಮೇಲೊಂದು ಏರಿದರೆ ಬಿಚ್ಚಿದರು. ಒಮ್ಮೆ ಏನೂ ತಪ್ಪು ಸಿಗದೆ ಬಹಳ ಹೊತ್ತು ನೋಡಿ, ನನಗೆ ಇವತ್ತು ಸಮಾಧಾನವಿಲ್ಲ ಎಂದು ಬಿಚ್ಚಿದರು. ಚಹಾ ತಂದಿಟ್ಟ ಮಾಮಿ, "ಇವ್ರ ಕೈಯಾಗ ಹಗ್ಗಕ್ಕs ಸುಖಾ ಇಲ್ಲಪ್ಪಾ, ನಾ ಮೂವತ್ತು ವರ್ಷ ಬಾಳೇ ಮಾಡೀನಿ" ಅಂದರು. ಮಾಮಾ ತಲೆ ಎತ್ತದೆ, ನಿನ್ನದು ಐದು ಸುತ್ತಿನದು, ಬಿಚ್ಚಲು ಬರುವುದಿಲ್ಲ ಅಂದರು. ಮಾಮಿ ಸೆರಗಿನಲ್ಲಿ ನಕ್ಕು ಒಳಗೆ ಹೋದರು.

ಆರನೆಯ ವಾರ ಸಂಖದ ಹಾದಿಯಲ್ಲಿ ಬೇವಿನ ಸಾಲು ಸವರುವ ಕೆಲಸ ಇತ್ತು. ಊಟವಾದ ಮೇಲೆ ಮಾಮಾ ನನಗೆ ಒಂದು ಮರ ತೋರಿಸಿ ಮೇಲೆ ಹೋಗು ಎಂದರು. ಹೋದೆ. ಕೆಳಗೆ ಅವರು ಟವೆಲು ಹಾಸಿಕೊಂಡರು. ಕೂಡಲಿಲ್ಲ, ಅಂಗಾತ ಮಲಗಿದರು, ಮುಖ ಮೇಲೆ ಮಾಡಿ, ಎರಡೂ ಕೈ ತಲೆಯ ಕೆಳಗಿಟ್ಟು. ಕಣ್ಣು ಮುಚ್ಚಿದರು. ನಾನು ಕೊಡಲಿ ಎತ್ತಿ ಹಿಡಿದು, ಹೆಣಿಕೆಯ ಮೇಲೆ ಹೆಬ್ಬೆರಳಾಡಿಸಿ ಒಂದು, ಎರಡು, ಮೂರು, ನಾಲ್ಕು, ಐದು ಎಂದು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಮೂರನೆಯ ಸಲವೂ ಎಣಿಸಿದೆ. ಆಮೇಲೆ ಬಿಟ್ಟೆ.

ಸೊಂಟಕ್ಕೆ ಒಂದು ಜಗ್ಗು ಬಂತು. ಕೊಡಲಿ ನನ್ನ ಮೊಣಕಾಲಿನ ಕೆಳಗೆ ನಿಂತು ಅತ್ತ ಇತ್ತ ತೂಗಾಡಿತು. ಕಣ್ಣಿ ಮಿಸುಕಲಿಲ್ಲ. ಕೆಳಗೆ ಮಾಮಾ ಕೂಡ ಮಿಸುಕಲಿಲ್ಲ. ಇಳಿಯಲು ಹತ್ತುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ನೆಲ ಮುಟ್ಟಿದಾಗ ಅವರು ಎದ್ದು ಕೂತು ಟವೆಲು ಝಾಡಿಸುತ್ತಿದ್ದರು. ಒಂದು ಮಾತಿಗಾಗಿ ಕಾದು ನಿಂತೆ. ಅವರು ನನ್ನ ಕಡೆ ನೋಡಲಿಲ್ಲ, ರಸ್ತೆಯ ತುಂಬ ಬಿದ್ದಿದ್ದ ಟೊಂಗೆಗಳನ್ನು ನೋಡಿ ತಲೆ ಕೆರೆದುಕೊಂಡರು.

"ಇನ್ನ ನಾಳಿಂದ ಇವನ್ನೆಲ್ಲಾ ಎಳ್ಯಾಕ ಬ್ಯಾರೇ ಮನಷ್ಯಾನ್ನ ಹುಡುಕಬೇಕಾತಲ್ಲೋ ಅಳ್ಯಾ" ಅಂದರು.